ಮೆದುಳಿನ ಬೈಪಾಸ್‌ಗೆ ಯಾವ ರಕ್ತನಾಳ ತಗೋಬೇಕು: ಮನೆಯವರಿಗೂ, ವಾರ್ಡಿನ ಹೊಸ ಡಾಕ್ಟರುಗಳಿಗೂ

ನಿಮ್ಮ ಕಿವಿಯ ಮುಂದೆ, ಕೆನ್ನೆಮೂಳೆ ಬಂದು ಸೇರುವ ಜಾಗದಲ್ಲಿ ಎರಡು ಬೆರಳು ಇಟ್ಟು ನೋಡಿ. ಒತ್ತಬೇಡಿ, ಸುಮ್ನೆ ತಾಗಿಸಿ. ಟಕ್ ಟಕ್ ಅಂತ ಮಿಡಿಯುವುದು ಗೊತ್ತಾಗುತ್ತದೆ. ಮೆದುಳಿನ ಬೈಪಾಸ್, ಅಂದರೆ ಮೆದುಳಿಗೆ ರಕ್ತ ಹೋಗಲು ಹೊಸ ದಾರಿ ಮಾಡುವ ಆಪರೇಷನ್, ಅಂದ ತಕ್ಷಣ ನಾವು ಮೊದಲು ನೋಡುವ ರಕ್ತನಾಳ ಅದೇ. ನೆತ್ತಿಯ ಚರ್ಮಕ್ಕೆ ರಕ್ತ ಕೊಡುವುದು ಅದರ ಕೆಲಸ. ಅದರ ತುದಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಬುರುಡೆಯಲ್ಲಿ ಒಂದು ಕಿಟಕಿ ತೆರೆದು, ಒಳಗಿರುವ ಮೆದುಳಿನ ನಾಳಕ್ಕೆ ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ಹೊಲಿಯುತ್ತೇವೆ. 1967ರಲ್ಲಿ ಜ್ಯೂರಿಕ್‌ನಲ್ಲಿ ಗಾಜಿ ಯಾಶರ್ಗಿಲ್ ಇದನ್ನು ಮೊದಲು ಮಾಡಿ ತೋರಿಸಿದರು. ಅದಕ್ಕೆ ಮುಂಚೆ ಅವರು ಅಮೆರಿಕದ ವರ್ಮಾಂಟ್‌ನಲ್ಲಿ, ಡೊನಾಗಿ ಅವರ ಲ್ಯಾಬಿನಲ್ಲಿ ಕೂತು, ಮೈಕ್ರೋಸ್ಕೋಪಿನ ಕೆಳಗೆ ಪ್ರಾಣಿಗಳ ಸಣ್ಣ ಸಣ್ಣ ನಾಳ ಹೊಲಿಯುವುದನ್ನು ತಿಂಗಳುಗಟ್ಟಲೆ ಕಲಿತಿದ್ದರು.

ಎಲ್ಲರಿಗೂ ಈ ಒಂದು ನಾಳ ಸಾಕಾಗುವಂತಿದ್ದರೆ ಚೆನ್ನಾಗಿತ್ತು. ಆದರೆ ಕೆಲವರಿಗೆ ಅದು ಒಂದು ಮಿಲಿಮೀಟರಿಗಿಂತ ಸಣ್ಣ. ಕೆಲವರಿಗೆ ಹಿಂದೆ ಆದ ತಲೆ ಆಪರೇಷನ್ನಿನಲ್ಲೇ ಅದು ಕತ್ತರಿಸಿ ಹೋಗಿರುತ್ತದೆ. ಆ ಜಾಗಕ್ಕೆ ರೇಡಿಯೇಷನ್ ತಗೊಂಡವರಲ್ಲಿ ನಾಳ ಬಿಗಿದುಕೊಂಡು, ಸುತ್ತಲಿನ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಇನ್ನು ಕೆಲವರಿಗೆ ನಾಳವೇನೋ ಚೆನ್ನಾಗಿಯೇ ಇದೆ, ಆದರೆ ಮೆದುಳಿಗೆ ಬೇಕಾದಷ್ಟು ರಕ್ತ ಅದರಲ್ಲಿ ಬರುವುದಿಲ್ಲ. ಆಗ ಬೇರೆ ಕಡೆಯಿಂದ ನಾಳ ತರಬೇಕು. ಕೈಯಿಂದ, ಕಾಲಿನಿಂದ, ತೊಡೆಯಿಂದ, ತಲೆಯ ಹಿಂಭಾಗದಿಂದ. ಯಾವುದು ಅಂತ ತೀರ್ಮಾನಿಸುವುದು ಸರ್ಜನ್ನರ ಕೆಲಸ ನಿಜ. ಆದರೆ ಆರಿಸಿದ ನಾಳ ಆಪರೇಷನ್ ದಿನದವರೆಗೂ ಹಾಳಾಗದಂತೆ ಕಾಯುವ ಕೆಲಸ ನಡೆಯುವುದು ವಾರ್ಡಿನಲ್ಲಿ, ಮನೆಯಲ್ಲಿ. ನಾನು ಇಂಥ ಆಪರೇಷನ್ ಮಾಡುವ ತಂಡದಲ್ಲಿರುವ ಡಾಕ್ಟರು. ಮನೆಯವರು ನಮ್ಮನ್ನು ಕೇಳುವ ಪ್ರಶ್ನೆಗಳನ್ನೂ, ಅವರು ಕೇಳಬೇಕಿದ್ದು ಕೇಳದೇ ಉಳಿಯುವ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನಮ್ಮಲ್ಲಿ ರಕ್ತನಾಳಕ್ಕೂ "ನರ" ಅಂತಲೇ ಹೇಳುವ ರೂಢಿ. ಹಾಗಾಗಿ "ಕೈ ನರ ತೆಗೆದು ತಲೆಗೆ ಹಾಕ್ತಾರಂತೆ" ಅಂತ ಕಿವಿಗೆ ಬಿದ್ದರೆ ಸಾಕು, ಮನೆಯವರ ಮುಖ ಬಾಡುತ್ತದೆ. "ಸರ್, ನರ ತೆಗೆದ ಮೇಲೆ ಆ ಕೈಲಿ ಮತ್ತೆ ಗುದ್ದಲಿ ಹಿಡಿಯೋಕೆ ಆಗುತ್ತಾ?" ಅಂತ ಒಬ್ಬ ತಾಯಿ ಮಗನ ಪರವಾಗಿ ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಆಗುತ್ತದೆ ಅಮ್ಮ. ನಾವು ತೆಗೆಯುವುದು ರಕ್ತ ಹರಿಯುವ ನಾಳ, ಕೈ ಆಡಿಸುವ ನರ ಅಲ್ಲ. ಮುಂಗೈಯಿಂದ ಅಂಗೈಗೆ ರಕ್ತ ತರುವ ದೊಡ್ಡ ನಾಳಗಳು ಎರಡಿವೆ. ಒಂದು ಹೆಬ್ಬೆರಳ ಕಡೆ, ಇನ್ನೊಂದು ಕಿರುಬೆರಳ ಕಡೆ. ಅಂಗೈಯಲ್ಲಿ ಅವೆರಡೂ ಬಂದು ಕೂಡಿಕೊಳ್ಳುತ್ತವೆ. ಆದ್ದರಿಂದ ಹೆಚ್ಚಿನವರಲ್ಲಿ ಒಂದನ್ನು ತೆಗೆದರೂ ಇನ್ನೊಂದು ಇಡೀ ಅಂಗೈಯನ್ನು ಸಾಕುತ್ತದೆ. ಎಲ್ಲರಲ್ಲೂ ಅಲ್ಲ. ಅದಕ್ಕೇ ಪರೀಕ್ಷೆ ಮಾಡಿ ನೋಡಿಯೇ ಮುಂದುವರಿಯುವುದು, ಆ ಪರೀಕ್ಷೆ ಹೇಗೆ ಅಂತ ಮುಂದೆ ಹೇಳುತ್ತೇನೆ.

ಬೈಪಾಸ್ ಬೇಕೇ ಬೇಕಾ?

ಯಾವ ನಾಳ ಅನ್ನುವುದಕ್ಕೆ ಮೊದಲು ಇದನ್ನು ಕೇಳಿ. ಮುಜುಗರ ಪಡಬೇಡಿ. ಕುತ್ತಿಗೆಯ ದೊಡ್ಡ ನಾಳ ಕೊಬ್ಬು ಕಟ್ಟಿ ಪೂರ್ತಿ ಮುಚ್ಚಿಹೋಗಿ ಲಕ್ವ ಹೊಡೆದವರಿಗೆ ಬೈಪಾಸ್ ಮಾಡಿದರೆ ಮುಂದಿನ ಲಕ್ವ ತಪ್ಪುತ್ತದೆ ಅಂತ ಒಂದು ಕಾಲದಲ್ಲಿ ಎಲ್ಲರೂ ನಂಬಿದ್ದರು. 1985ರಲ್ಲಿ 1,377 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಲಾಭ ಕಾಣಲಿಲ್ಲ. 2011ರಲ್ಲಿ ಅಮೆರಿಕದ ಇನ್ನೊಂದು ಅಧ್ಯಯನದ ಫಲಿತಾಂಶ ಬಂತು, ಮುಂದುವರಿಸಿದರೂ ಲಾಭ ಕಾಣುವ ಸಾಧ್ಯತೆ ಇಲ್ಲ ಅಂತ ಅದನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಆಪರೇಷನ್ ಆದವರಲ್ಲಿ ಮೊದಲ 30 ದಿನದೊಳಗೆ ಅದೇ ಕಡೆಯ ಲಕ್ವ ಶೇ. 14.4ರಷ್ಟು ಜನರಿಗೆ ಆಯಿತು, ಬರೀ ಔಷಧಿಯಲ್ಲಿದ್ದವರಲ್ಲಿ ಅದು ಶೇ. 2 ಮಾತ್ರ. 2023ರಲ್ಲಿ ಚೀನಾದಿಂದ ಬಂದ ಅಧ್ಯಯನವೂ ಒಟ್ಟಾರೆ ಲಾಭ ತೋರಿಸಲಿಲ್ಲ. ಆದ್ದರಿಂದ ಬರೀ "ನಾಳ ಬ್ಲಾಕ್ ಆಗಿದೆ" ಅನ್ನುವ ಒಂದೇ ಕಾರಣಕ್ಕೆ ಬೈಪಾಸ್ ಅಂದರೆ, ನಮಗೇ ಏಕೆ ಬೇಕು ಅಂತ ಬಿಡಿಸಿ ಕೇಳುವ ಹಕ್ಕು ನಿಮಗಿದೆ.

ಹಾಗಾದರೆ ಯಾರಿಗೆ ಬೇಕು? ಮೊದಲನೆಯದಾಗಿ ಮೊಯಮೊಯ ಕಾಯಿಲೆಯವರಿಗೆ. ಇದರಲ್ಲಿ ಮೆದುಳಿನ ಬುಡದ ದೊಡ್ಡ ನಾಳಗಳು ನಿಧಾನಕ್ಕೆ ಕಿರಿದಾಗುತ್ತಾ ಹೋಗುತ್ತವೆ, ಅದನ್ನು ಸರಿದೂಗಿಸಲು ಎಳೆಎಳೆಯಾದ ಹೊಸ ನಾಳಗಳು ಹುಟ್ಟಿಕೊಳ್ಳುತ್ತವೆ. ಆಂಜಿಯೋಗ್ರಾಮಿನಲ್ಲಿ ಅದು ಹೊಗೆ ಸುತ್ತಿಕೊಂಡಂತೆ ಕಾಣುತ್ತದೆ, ಜಪಾನಿ ಹೆಸರಿನ ಅರ್ಥವೂ ಹೆಚ್ಚುಕಡಿಮೆ ಅದೇ. ರಕ್ತಸ್ರಾವ ಆಗಿದ್ದ 80 ವಯಸ್ಕ ಮೊಯಮೊಯ ರೋಗಿಗಳ ಮೇಲೆ ಜಪಾನಿನಲ್ಲಿ ನಡೆದ ಅಧ್ಯಯನದ ಫಲಿತಾಂಶ 2014ರಲ್ಲಿ ಬಂತು. ಬೈಪಾಸ್ ಆದ 42 ಜನರಲ್ಲಿ 5 ಮಂದಿಗೆ ಮತ್ತೆ ರಕ್ತಸ್ರಾವ ಆಯಿತು. ಆಗದ 38 ಜನರಲ್ಲಿ 12 ಮಂದಿಗೆ. ಎರಡನೆಯದಾಗಿ, ಕ್ಲಿಪ್ಪಿಗೂ ಕಾಯಿಲ್‌ಗೂ ಬಗ್ಗದ ದೊಡ್ಡ ಅನ್ಯೂರಿಸಮ್ ಇರುವವರು, ಅಂದರೆ ನಾಳದ ಗೋಡೆ ಬಲೂನಿನ ಹಾಗೆ ಉಬ್ಬಿಕೊಂಡು, ಅದರ ಬುಡಕ್ಕೆ ಕ್ಲಿಪ್ ಹಾಕಿಯೋ ಒಳಗೆ ತಂತಿಸುರುಳಿ (ಕಾಯಿಲ್) ತುಂಬಿಯೋ ಮುಚ್ಚಲಾಗದವರು. ಈಗ ಫ್ಲೋ ಡೈವರ್ಟರ್ ಅನ್ನುವ ಜಾಲರಿ ಕೊಳವೆ ಬಂದ ಮೇಲೆ ಇಂಥವರಲ್ಲಿ ಬೈಪಾಸ್ ಬೇಕಾಗುವವರು ತುಂಬ ಕಡಿಮೆಯಾಗಿದ್ದಾರೆ, ಆದರೂ ಇದ್ದಾರೆ. ಮೂರನೆಯದು, ಬುರುಡೆಯ ಬುಡದ ಗೆಡ್ಡೆ ದೊಡ್ಡ ನಾಳವನ್ನೇ ಸುತ್ತಿಕೊಂಡು, ನಾಳ ತೆಗೆಯದೇ ಗೆಡ್ಡೆ ತೆಗೆಯಲಾಗದ ಸ್ಥಿತಿ.

ನಾಳ ಆಮೇಲೆ, ಮೊದಲು ಅಳತೆ

ನಾನು ಹೊಸ ಡಾಕ್ಟರುಗಳಿಗೆ ಪ್ರತಿ ಸಲ ಹೇಳುವುದು ಇದೊಂದೇ. ಯಾವ ನಾಳ ಚೆನ್ನಾಗಿದೆ ಅಂತ ಹುಡುಕಲು ಹೊರಡಬೇಡಿ. ಈ ಮೆದುಳಿಗೆ ನಿಮಿಷಕ್ಕೆ ಎಷ್ಟು ರಕ್ತ ಬೇಕು ಅಂತ ಮೊದಲು ಕೇಳಿ.

ತೋಟಕ್ಕೆ ನೀರು ಬಿಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಣಗುತ್ತಿರುವ ನಾಲ್ಕು ಗಿಡಕ್ಕೆ ಡ್ರಿಪ್ ಪೈಪ್ ಸಾಕು. ಕಾಲುವೆಯೇ ಮುಚ್ಚಿಹೋದ ಗದ್ದೆಗೆ ಡ್ರಿಪ್ ಪೈಪ್ ಎಳೆದರೆ ಪೈರು ಉಳಿಯುವುದಿಲ್ಲ. ಹಾಗೆಯೇ ನಾಲ್ಕು ಗಿಡದ ಪಾತಿಗೆ ಕಾಲುವೆ ನೀರನ್ನೇ ತಿರುಗಿಸಿದರೆ ಪಾತಿ ಕೊಚ್ಚಿಕೊಂಡು ಹೋಗುತ್ತದೆ.

ನಮ್ಮ ಇಡೀ ಮೆದುಳಿಗೆ ನಿಮಿಷಕ್ಕೆ ಸುಮಾರು 700 ಮಿಲಿಲೀಟರ್ ರಕ್ತ ಹೋಗುತ್ತದೆ. ಕುತ್ತಿಗೆಯ ಒಂದೊಂದು ಕಡೆಯಿಂದ ಮೆದುಳಿಗೆ ಹೋಗುವ ದೊಡ್ಡ ನಾಳದಲ್ಲಿ ಸುಮಾರು 250 ಮಿಲಿಲೀಟರ್. ಕಿವಿ ಮುಂದಿನ ನಾಳವನ್ನು ಜೋಡಿಸಿದ ಹೊಸದರಲ್ಲಿ ಅದು ತರುವುದು ನಿಮಿಷಕ್ಕೆ 50 ಮಿಲಿಲೀಟರಿನ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ, ಆಮೇಲೆ ತಿಂಗಳುಗಳಲ್ಲಿ ಅದು ತಾನೇ ದಪ್ಪಗಾಗಿ ಜಾಸ್ತಿ ತರಬಹುದು. ಮುಂಗೈಯ ನಾಳದಲ್ಲಿ ಸುಮಾರು 50ರಿಂದ 150. ಕಾಲಿನ ಉದ್ದನೆಯ ವೇನ್‌ನಲ್ಲಿ 100ರಿಂದ 250ರವರೆಗೂ ಹೋಗಬಹುದು (ವೇನ್ ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ತರುವ ನಾಳ). ಈ ನಾಲ್ಕೈದು ಸಂಖ್ಯೆ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಮೊಯಮೊಯದಲ್ಲಿ ಮೆದುಳಿಗೆ ಸ್ವಲ್ಪ ರಕ್ತ ಈಗಲೂ ಬರುತ್ತಿದೆ, ನಾವು ಅದಕ್ಕೆ ಒಂದಿಷ್ಟು ಸೇರಿಸಬೇಕು ಅಷ್ಟೇ. ವರ್ಷಗಟ್ಟಲೆ ಕಡಿಮೆ ರಕ್ತಕ್ಕೆ ಒಗ್ಗಿಹೋದ ಆ ಮೆದುಳಿಗೆ ಒಮ್ಮೆಲೇ ಜೋರಾಗಿ ರಕ್ತ ನುಗ್ಗಿಸಿದರೆ ಊತ, ಫಿಟ್ಸ್, ರಕ್ತಸ್ರಾವ ಕೂಡ ಆಗಬಹುದು. ಹಾಗಾಗಿ ಅಲ್ಲಿ ಸಣ್ಣ ನಾಳವೇ ಒಳ್ಳೆಯದು. ಅನ್ಯೂರಿಸಮ್ಮಿಗಾಗಿ ಕುತ್ತಿಗೆಯ ಇಡೀ ನಾಳವನ್ನೇ ಮುಚ್ಚಬೇಕಾದಾಗ ಲೆಕ್ಕವೇ ಬೇರೆ. ಮುಚ್ಚಿದರೆ ಏನಾಗಬಹುದು ಅಂತ ಮೊದಲೇ ಪರೀಕ್ಷಿಸುತ್ತೇವೆ. ರೋಗಿ ಎಚ್ಚರವಾಗಿರುವಾಗಲೇ ತೊಡೆಯ ಮೂಲಕ ತಂತಿ ಕಳಿಸಿ, ಸಣ್ಣ ಬಲೂನ್ ಉಬ್ಬಿಸಿ ಆ ನಾಳವನ್ನು 20-30 ನಿಮಿಷ ಮುಚ್ಚುತ್ತೇವೆ. ಕೈ ಎತ್ತಿ, ಹೆಸರು ಹೇಳಿ, ಲೆಕ್ಕ ಮಾಡಿ ಅಂತ ಕೇಳುತ್ತಾ ಇರುತ್ತೇವೆ. ಮುಚ್ಚಿದ ಕೂಡಲೇ ಮಾತು ತೊದಲಿದರೆ, ಕೈ ಕೆಳಗೆ ಬಿದ್ದರೆ, ತಕ್ಷಣ ಬಲೂನ್ ಇಳಿಸುತ್ತೇವೆ. ಅಂಥವರಿಗೆ ಡ್ರಿಪ್ ಪೈಪ್ ಸಾಲದು, ಕಾಲುವೆಯೇ ಬೇಕು. ಈ ಎರಡರ ನಡುವೆ, ಒಳಗಿನ ಒಂದೇ ಒಂದು ಕವಲನ್ನು ಬದಲಿಸಬೇಕಾದ ಸಂದರ್ಭಗಳೂ ಇವೆ. ಅದಕ್ಕೆ ನಡುವಿನ ಗಾತ್ರದ್ದು ಹುಡುಕಬೇಕು.

ಮುಂಗೈಯ ನಾಳ

ಜಾಸ್ತಿ ರಕ್ತ ಬೇಕು ಅಂದಾಗ ಹೆಚ್ಚಿನ ಸರ್ಜನ್ನರ ಕಣ್ಣು ಮೊದಲು ಹೋಗುವುದು ಇಲ್ಲಿಗೆ, ರೇಡಿಯಲ್ ಆರ್ಟರಿಗೆ. ಡಾಕ್ಟರು ನಾಡಿ ಹಿಡಿಯುವ ಜಾಗ ಇದೆಯಲ್ಲ, ಅದೇ ನಾಳ. ಮೆದುಳಿನ ಬೈಪಾಸ್‌ಗೆ ಇದನ್ನು ಬಳಸಿದ್ದು 1978ರಿಂದ. ಇದು ಆರ್ಟರಿ, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳ, ಹಾಗಾಗಿ ಜೋರು ಒತ್ತಡಕ್ಕೆ ಹುಟ್ಟಿನಿಂದಲೇ ಒಗ್ಗಿಕೊಂಡಿದೆ. ಒಳಗೆ ಕವಾಟ ಇಲ್ಲ. ದಪ್ಪ ಎರಡು-ಮೂರು ಮಿಲಿಮೀಟರ್, ಮೆದುಳಿನ ಕವಲು ಸುಮಾರು ಎರಡು ಮಿಲಿಮೀಟರ್, ಜೋಡಿ ಚೆನ್ನಾಗಿ ಕೂಡುತ್ತದೆ. ಉದ್ದ ಸುಮಾರು 20 ಸೆಂಟಿಮೀಟರ್ ಸಿಗುತ್ತದೆ, ಕುತ್ತಿಗೆಯಿಂದ ಮೆದುಳಿನವರೆಗೆ ಬಹುತೇಕ ಜನರಿಗೆ ಅಷ್ಟು ಸಾಕು.

ಈಗ ಕೈ ಪರೀಕ್ಷೆ. ಇದಕ್ಕೆ ಆಲೆನ್ ಟೆಸ್ಟ್ ಅಂತ ಹೆಸರು, 1929ರಿಂದ ಇದೆ. ರೋಗಿ ಮುಷ್ಟಿ ಬಿಗಿ ಹಿಡಿಯಬೇಕು. ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆಯ ನಾಳ, ಕಿರುಬೆರಳ ಕಡೆಯ ನಾಳ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಈಗ ಮುಷ್ಟಿ ಬಿಡಿಸಿದರೆ ಅಂಗೈ ಬಿಳಿಚಿಕೊಂಡಿರುತ್ತದೆ. ಬೆರಳುಗಳನ್ನು ಹಿಂದಕ್ಕೆ ಸೆಟೆಸಿ ಚಾಚಬಾರದು, ಚಾಚಿದರೆ ಅಂಗೈ ಬಿಗಿದು ಬಿಳಿಯಾಗಿಯೇ ಉಳಿದು ಸುಳ್ಳು ಉತ್ತರ ಬರುತ್ತದೆ. ಆಮೇಲೆ ಕಿರುಬೆರಳ ಕಡೆಯ ಒತ್ತಡ ಮಾತ್ರ ಬಿಡಬೇಕು. ಐದಾರು ಸೆಕೆಂಡಿನಲ್ಲಿ ಹೆಬ್ಬೆರಳ ಬುಡದವರೆಗೂ ಕೆಂಪು ಹರಡಿದರೆ ಒಳ್ಳೆಯ ಲಕ್ಷಣ. ಹತ್ತು ಸೆಕೆಂಡು ದಾಟಿಯೂ ಬಿಳಿಯೇ ಇದ್ದರೆ ಆ ಕೈಯನ್ನು ನಾವು ಮುಟ್ಟುವುದಿಲ್ಲ. ಆದರೆ ಕಣ್ಣಳತೆಯ ಮೇಲೆ ಮಾತ್ರ ಯಾರೂ ಕೈ ಕುಯ್ಯುವುದಿಲ್ಲ. ಶಬ್ದದ ಅಲೆಗಳಿಂದ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ನಾಳದ ದಪ್ಪ ಎಷ್ಟು, ಒಳಗೆ ಸುಣ್ಣ ಕಟ್ಟಿದೆಯಾ, ಎಲ್ಲಾದರೂ ಕಿರಿದಾಗಿದೆಯಾ ಅಂತ ಮೊಣಕೈಯಿಂದ ಮಣಿಕಟ್ಟಿನವರೆಗೂ ನೋಡಲೇಬೇಕು. ಎರಡು ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬೇರೆ ನಾಳ ಹುಡುಕುವುದು ಮೇಲು.

ಬಲಗೈ ಬಳಸುವವರಿಗೆ ಎಡಗೈ, ಎಡಚರಿಗೆ ಬಲಗೈ, ಇದು ಸಾಮಾನ್ಯ ರೂಢಿ. ಡಯಾಲಿಸಿಸ್ ಆಗುತ್ತಿರುವವರ ಅಥವಾ ಮುಂದೆ ಬೇಕಾಗಬಹುದಾದವರ ಕೈಯನ್ನು ಫಿಸ್ಟುಲಾಗಾಗಿ (ಡಯಾಲಿಸಿಸ್ ಸೂಜಿ ಹಾಕಲು ಕೈಯ ಆರ್ಟರಿ, ವೇನ್ ಎರಡನ್ನೂ ಸೇರಿಸಿ ಮಾಡುವ ಜೋಡಣೆ) ಉಳಿಸಿಕೊಳ್ಳಬೇಕು, ಜೊತೆಗೆ ಕಿಡ್ನಿ ಕಾಯಿಲೆಯಲ್ಲಿ ಈ ನಾಳದ ಗೋಡೆ ಸುಣ್ಣಗಟ್ಟಿರುವುದೂ ಜಾಸ್ತಿ. ಚಳಿಗೆ ಬೆರಳು ಬೆಳ್ಳಗೆ, ನೀಲಿ ಆಗುವ ತೊಂದರೆ ಇದ್ದರೆ ಹೇಳಿ. ಮತ್ತೆ ಇದನ್ನಂತೂ ಮರೆಯಬೇಡಿ: ಹೃದಯದ ಆಂಜಿಯೋಗ್ರಾಮ್ ಮಣಿಕಟ್ಟಿನ ಮೂಲಕ ಆಗಿದೆಯಾ? ಈಗ ಎಲ್ಲ ಕಡೆ ಅದನ್ನು ಕೈಯಿಂದಲೇ ಮಾಡುತ್ತಾರೆ, ರೋಗಿಗೆ ಅದು ಆರಾಮ. ಆದರೆ ತಂತಿ ಓಡಾಡಿದ ನಾಳದ ಒಳಪದರಕ್ಕೆ ಪೆಟ್ಟಾಗಿರಬಹುದು, ಕೆಲವು ಸಲ ಪೂರ್ತಿ ಮುಚ್ಚಿಯೇ ಹೋಗಿರುತ್ತದೆ. ಮೇಲೆ ಸಾಸಿವೆಯಷ್ಟು ಕಲೆಯೂ ಉಳಿದಿರುವುದಿಲ್ಲ. ನೀವು ಹೇಳದಿದ್ದರೆ ನಮಗೆ ಗೊತ್ತಾಗುವುದಿಲ್ಲ.

ಈ ನಾಳಕ್ಕೆ ಒಂದು ಕೆಟ್ಟ ಗುಣ ಇದೆ. ಇದರ ಗೋಡೆಯಲ್ಲಿ ಸ್ನಾಯು ಜಾಸ್ತಿ. ಮುಟ್ಟಿದರೆ ಸೆಟೆದುಕೊಳ್ಳುತ್ತದೆ. ಕೈಯಿಂದ ಬಿಡಿಸಿ ಟ್ರೇಯಲ್ಲಿಟ್ಟ ಕೆಲವೇ ನಿಮಿಷದಲ್ಲಿ, ಆಗತಾನೇ ಪೆನ್ನಿನ ರೀಫಿಲ್ಲಿನಷ್ಟು ದಪ್ಪ ಇದ್ದದ್ದು ನೂಲಿನ ಹಾಗೆ ಸುರುಟಿಕೊಂಡು, ಬಿಳಿಯಾಗಿ, ಇದರಲ್ಲಿ ರಕ್ತ ಹರಿಯುತ್ತಿತ್ತಾ ಅನ್ನುವ ಹಾಗೆ ಕಾಣುತ್ತದೆ. ಆಗ ಒಂದು ತುದಿಯನ್ನು ಮೆಲ್ಲಗೆ ಹಿಡಿದು, ಇನ್ನೊಂದು ತುದಿಯಿಂದ ಸಿರಿಂಜಿನಲ್ಲಿ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಬೆರೆಸಿದ ಸಲೈನ್ ತುಂಬಿ ಉಬ್ಬಿಸುತ್ತೇವೆ. ಒಂದೊಂದೇ ಇಂಚು ತೆರೆದುಕೊಳ್ಳುತ್ತಾ ಬರುತ್ತದೆ. ಎಲ್ಲಾದರೂ ಸಣ್ಣ ಕವಲು ಕಟ್ಟದೇ ಉಳಿದಿದ್ದರೆ ಅಲ್ಲಿಂದ ಹನಿ ಜಿನುಗಿ ತಾನೇ ತೋರಿಸಿಕೊಡುತ್ತದೆ. ಒತ್ತಡ ಕೊಟ್ಟು ಹೀಗೆ ಹಿಗ್ಗಿಸುವ ವಿಧಾನವನ್ನು ರೂಢಿಗೆ ತಂದವರು ಅಮೆರಿಕದ ಸಿಯಾಟಲ್‌ನಲ್ಲಿರುವ, ಭಾರತ ಮೂಲದ ಲಲಿಗಂ ಶೇಖರ್. ಅದಕ್ಕೆ ಮುಂಚೆ ಆಪರೇಷನ್ ಚೆನ್ನಾಗಿ ಆದ ಮೇಲೂ ನಾಳ ಸೆಟೆದು ರಕ್ತ ನಿಂತ ಉದಾಹರಣೆಗಳಿದ್ದವು.

ಆ ಕೈಗೆ ಸೂಜಿ ಚುಚ್ಚಿಸಬೇಡಿ

ಈಗ ಹೇಳುವುದು ನನಗೆ ತುಂಬ ನೋವು ಕೊಟ್ಟ ವಿಷಯ. ಕಣ್ಣಿನ ಹಿಂದೆ ದೊಡ್ಡ ಅನ್ಯೂರಿಸಮ್ ಇದ್ದ ರೋಗಿ. ಬಲೂನ್ ಪರೀಕ್ಷೆಯಲ್ಲಿ ಮೂರನೇ ನಿಮಿಷಕ್ಕೆ ಮಾತು ನಿಂತಿತ್ತು, ಹಾಗಾಗಿ ದೊಡ್ಡ ಬೈಪಾಸೇ ಬೇಕಿತ್ತು. ಎಡಗೈ ನಾಳ ಡಾಪ್ಲರಿನಲ್ಲಿ ಸೊಗಸಾಗಿತ್ತು. ಬಲಗೈ ಆಲೆನ್ ಟೆಸ್ಟಿನಲ್ಲಿ ಪಾಸಾಗಿರಲಿಲ್ಲ. ಎಡಗೈ ಅಂತ ಫೈಲಿನಲ್ಲಿ ಬರೆದಿದ್ದೆ. ಆಪರೇಷನ್ನಿಗೆ ಎರಡು ದಿನ ಮುಂಚೆ ರಾತ್ರಿ ಬಿಪಿ ಏರುಪೇರಾಗಿ ಅವರನ್ನು ಐಸಿಯುಗೆ ಕರೆದುಕೊಂಡು ಹೋದರು, ಗಳಿಗೆ ಗಳಿಗೆಗೂ ಬಿಪಿ ತಿಳಿಯಲು ಎಡ ಮಣಿಕಟ್ಟಿನ ಅದೇ ನಾಳಕ್ಕೆ ಸೂಜಿ ಹಾಕಿದರು. ಮೂರು ಸಲ ಚುಚ್ಚಿದ್ದರು. ಹಾಕಿದವರ ತಪ್ಪಲ್ಲ, ರಾತ್ರಿ ಆ ಹೊತ್ತಿನಲ್ಲಿ ಫೈಲ್ ತಿರುವಿ ನೋಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಆಪರೇಷನ್ ದಿನ ಬೆಳಿಗ್ಗೆ ಮತ್ತೆ ಡಾಪ್ಲರ್ ಇಟ್ಟಾಗ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಷ್ಟು ಉದ್ದಕ್ಕೆ ರಕ್ತ ಹೆಪ್ಪುಗಟ್ಟಿತ್ತು. ಕೊನೆಗೆ ಕಾಲಿನ ವೇನ್ ತಗೊಂಡು ಮಾಡಿದೆವು. ಅವರು ಚೆನ್ನಾಗಿದ್ದಾರೆ, ಆದರೆ ನಾವು ಆರಿಸಿದ್ದು ಒಂದು, ಹಾಕಿದ್ದು ಇನ್ನೊಂದು.

ಅವತ್ತಿನಿಂದ ನಾನು ಕಾಗದವನ್ನು ನಂಬುವುದಿಲ್ಲ. ದಪ್ಪ ಮಾರ್ಕರ್ ಪೆನ್ನಿನಲ್ಲಿ ರೋಗಿಯ ಮುಂಗೈ ಮೇಲೆಯೇ "ಸೂಜಿ ಬೇಡ, ಬಿಪಿ ಪಟ್ಟಿ ಬೇಡ" ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯುತ್ತೇನೆ, ಅಳಿಸಿದರೆ ಮತ್ತೆ ಬರೆಯುತ್ತೇನೆ. ಮನೆಯವರಿಗೆ ನಾನು ಕೇಳಿಕೊಳ್ಳುವುದೂ ಅದನ್ನೇ. ರಕ್ತ ಪರೀಕ್ಷೆಗೆ ಬಂದ ಹುಡುಗ, ಡ್ರಿಪ್ ಹಾಕಲು ಬಂದ ಸಿಸ್ಟರ್, ರಾತ್ರಿ ಪಾಳಿಯ ಡಾಕ್ಟರು, ಯಾರೇ ಬರಲಿ, "ಈ ಕೈ ಆಪರೇಷನ್ನಿಗೆ ಇಟ್ಟಿರೋದು, ದಯವಿಟ್ಟು ಆ ಕಡೆ ಹಾಕಿ" ಅಂತ ನೀವೇ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಾಲಿನ ವೇನ್ ತಗೋಬೇಕು ಅಂತ ತೀರ್ಮಾನವಾಗಿದ್ದರೆ ಆ ಕಾಲಿನ ಹರಡಿಗೂ ಇದೇ ಮಾತು.

ಕಾಲಿನ ವೇನ್ ಮತ್ತು ತೊಡೆಯ ನಾಳ

ಪಾದದ ಒಳಗಿನ ಹರಡಿನ ಮುಂದೆ ಶುರುವಾಗಿ ತೊಡೆಯವರೆಗೂ ಚರ್ಮದ ಕೆಳಗೇ ಹೋಗುವ ಉದ್ದನೆಯ ವೇನ್ ಹೃದಯದ ಬೈಪಾಸ್‌ನಿಂದ ಎಲ್ಲರಿಗೂ ಪರಿಚಯ. ಉದ್ದಕ್ಕೆ ಬರವಿಲ್ಲ. ತೆಗೆಯುವುದು ಸುಲಭ, ಕೈ ನಾಳದಂತೆ ಸೆಟೆದುಕೊಳ್ಳುವುದಿಲ್ಲ, ರಕ್ತವೂ ಧಾರಾಳ. ತೊಂದರೆ ಬೇರೆ ಕಡೆ ಇದೆ. ವೇನ್ ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ತರುವ ನಾಳ, ಅದರೊಳಗೆ ಒಂದೇ ದಿಕ್ಕಿಗೆ ಬಿಡುವ ಕವಾಟಗಳಿರುತ್ತವೆ. ಅದಕ್ಕೇ ತಿರುಗಿಸಿ ಹೊಲಿಯಬೇಕು, ಪಾದದ ಕಡೆಯ ತುದಿ ಕುತ್ತಿಗೆಗೆ, ತೊಡೆಯ ಕಡೆಯ ತುದಿ ಮೆದುಳಿಗೆ. ತೆಗೆದ ಕೂಡಲೇ ಯಾವ ತುದಿ ಯಾವುದು ಅಂತ ಗುರುತು ಮಾಡಿಕೊಳ್ಳುವುದು ಇದಕ್ಕೇ. ಇನ್ನು ದಪ್ಪ. ನಾಲ್ಕೈದು ಮಿಲಿಮೀಟರಿನ ವೇನನ್ನು ಎರಡು ಮಿಲಿಮೀಟರಿನ ಮೆದುಳಿನ ನಾಳಕ್ಕೆ ಹೊಲಿದರೆ ಜೋಡಣೆಯಲ್ಲಿ ರಕ್ತ ಸುಳಿ ತಿರುಗುತ್ತದೆ, ಸುಳಿ ತಿರುಗಿದಲ್ಲಿ ಹೆಪ್ಪು ಕಟ್ಟುತ್ತದೆ. ಹಾಗಾಗಿ ದೊಡ್ಡ ಹರಿವು ಬೇಕಾದಾಗ, ಕೈ ನಾಳ ಸಿಗದಿದ್ದಾಗ ವೇನ್ ಒಳ್ಳೆಯ ಆಯ್ಕೆ. ಸಣ್ಣ ಹರಿವು ಸಾಕು ಅನ್ನುವ ಕಡೆ ಅಲ್ಲ. ಕಾಲಿನಲ್ಲಿ ವೇನ್ ಉಬ್ಬಿ ಗಂಟುಗಂಟಾಗಿದ್ದರೆ, ಅಥವಾ ಹೃದಯದ ಬೈಪಾಸ್‌ಗೆ ಆಗಲೇ ಒಂದು ಕಾಲಿನದು ತೆಗೆದಿದ್ದರೆ ಅದನ್ನೂ ಮೊದಲೇ ತಿಳಿಸಿ.

ತೊಡೆಯ ಮುಂಭಾಗದ ಸ್ನಾಯುಗಳ ನಡುವೆ ಇಳಿದು ಬರುವ ಒಂದು ನಾಳ ಇದೆ. ಪ್ಲಾಸ್ಟಿಕ್ ಸರ್ಜನ್ನರಿಗೆ ಅದು ತುಂಬ ಹಳೆಯ ಗೆಳೆಯ, ಮಾಂಸದ ತುಂಡು ಸಮೇತ ಬೇರೆ ಕಡೆ ಕಸಿ ಮಾಡುವಾಗ ಅವರು ಅದನ್ನೇ ನಂಬುತ್ತಾರೆ. ಮೆದುಳಿನ ಬೈಪಾಸ್‌ಗೆ ಇದು ಈಚಿನ ಆಯ್ಕೆ. ನನಗೆ ಇದರ ಮೇಲೆ ಒಲವಿದೆ, ಕಾರಣ ಹೇಳುತ್ತೇನೆ. ಇದು ಆರ್ಟರಿ, ದಪ್ಪ ಸುಮಾರು ಎರಡು ಮಿಲಿಮೀಟರ್, ಮೆದುಳಿನ ನಾಳಕ್ಕೆ ಸರಿಯಾಗಿ ಹೊಂದುತ್ತದೆ. ಕೈ ಉಳಿಯುತ್ತದೆ. ಗಾಯ ಪಂಚೆ, ಸೀರೆಯ ಒಳಗೆ ಮುಚ್ಚಿಹೋಗುತ್ತದೆ. ಕವಲು ಸಮೇತ ತೆಗೆದರೆ ಮೆದುಳಿನ ಎರಡು ನಾಳಕ್ಕೆ ಒಂದೇ ಗ್ರಾಫ್ಟಿನಿಂದ (ಹೀಗೆ ತಂದು ಜೋಡಿಸುವ ನಾಳಕ್ಕೆ ಗ್ರಾಫ್ಟ್ ಅನ್ನುತ್ತೇವೆ) ರಕ್ತ ಕೊಡಬಹುದು. ಆದರೆ ಇದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಹುಟ್ಟುತ್ತದೆ, ಕೆಲವರಲ್ಲಿ ತೀರಾ ಸಣ್ಣ, ಪಕ್ಕದಲ್ಲೇ ತೊಡೆಯ ಸ್ನಾಯುವಿನ ನಿಜವಾದ ನರ ಅಂಟಿಕೊಂಡು ಬರುತ್ತದೆ. ಸಿಟಿ ಆಂಜಿಯೋ ಇಲ್ಲದೇ ಇದಕ್ಕೆ ಕೈ ಹಾಕಬಾರದು. ಬೀಡಿ, ಸಿಗರೇಟಿನಿಂದಲೋ ಸಕ್ಕರೆ ಕಾಯಿಲೆಯಿಂದಲೋ ಕಾಲಿನ ದೊಡ್ಡ ನಾಳ ಮುಚ್ಚಿಹೋದವರಲ್ಲಂತೂ ತೆಗೆಯಲೇಬಾರದು. ಅವರ ಕಾಲಿಗೆ ಸುತ್ತುಬಳಸಿ ರಕ್ತ ಮುಟ್ಟಿಸುತ್ತಿರುವುದು ಇದೇ ನಾಳ ಆಗಿರಬಹುದು.

ತಲೆಯಲ್ಲೇ ಸಿಗುವ ಬೇರೆ ದಾರಿಗಳು

ತಲೆಯ ಹಿಂಭಾಗದ ನೆತ್ತಿಗೆ ಹೋಗುವ ಆಕ್ಸಿಪಿಟಲ್ ಆರ್ಟರಿ ಕಿವಿ ಮುಂದಿನದರ ತಮ್ಮ ಇದ್ದ ಹಾಗೆ. ಮೆದುಳಿನ ಹಿಂಭಾಗಕ್ಕೆ ರಕ್ತ ಬೇಕಾದಾಗ ಇದೇ ಹತ್ತಿರ. ಆದರೆ ಕತ್ತಿನ ಸ್ನಾಯುಗಳ ಪದರ ಪದರದ ಒಳಗೆ ಹಾವಿನಂತೆ ಬಳುಕಿಕೊಂಡು ಹೋಗುವುದರಿಂದ ಬಿಡಿಸಲು ಗಂಟೆಗಟ್ಟಲೆ ತಾಳ್ಮೆ ಬೇಕು. ಇನ್ನು ಒಂದು ಕಡೆಯ ಕುತ್ತಿಗೆ ನಾಳ ಬುಡದಿಂದಲೇ ಮುಚ್ಚಿದ್ದರೆ, ಆ ಕಡೆ ರಕ್ತ ಎಲ್ಲಿಂದ ತರುವುದು? ಇನ್ನೊಂದು ಕಡೆಯ ಕಿವಿ ಮುಂದಿನ ನಾಳಕ್ಕೆ ಗ್ರಾಫ್ಟ್ ಹೊಲಿದು, ನೆತ್ತಿಯ ಮೇಲಿಂದ ಚರ್ಮದ ಕೆಳಗೆ ದಾಟಿಸಿ, ಈ ಕಡೆ ಇಳಿಸುತ್ತೇವೆ. ಟೋಪಿಯ ದಾರ ತಲೆ ಮೇಲೆ ಹೋದಂತೆ ಇರುವುದರಿಂದ ಇದಕ್ಕೆ ಬಾನೆಟ್ ಬೈಪಾಸ್ ಅಂತಲೇ ಹೆಸರು. ದವಡೆಯ ಒಳಗಿನ ಮ್ಯಾಕ್ಸಿಲರಿ ಆರ್ಟರಿಯಿಂದ ರಕ್ತ ತಂದರೆ ಕುತ್ತಿಗೆ ಕುಯ್ಯುವುದು ತಪ್ಪುತ್ತದೆ, ಗ್ರಾಫ್ಟ್ ಅರ್ಧ ಉದ್ದ ಸಾಕು.

ಗ್ರಾಫ್ಟೇ ಬೇಡದ ದಾರಿಯೂ ಇದೆ. ಮೆದುಳಿನ ಮುಂಭಾಗದಲ್ಲಿ ಎಡ, ಬಲದ ನಾಳಗಳು ಒಂದು ಜಾಗದಲ್ಲಿ ಅಕ್ಕಪಕ್ಕ ಜೋಡೆತ್ತಿನ ಹಾಗೆ ಹೋಗುತ್ತವೆ. ಎರಡರ ಪಕ್ಕದಲ್ಲೂ ಸಣ್ಣ ಕಿಂಡಿ ಮಾಡಿ ಒಂದಕ್ಕೊಂದು ಹೊಲಿದರೆ ಆಯಿತು. ಒಂದು ಹೊಲಿಗೆ ಕೆಟ್ಟರೆ ಎರಡೂ ಕಡೆ ಅಪಾಯ, ಆದ್ದರಿಂದ ಕೈ ಪಳಗಿದವರು ಮಾತ್ರ ಮಾಡಬೇಕು. ಮೊಯಮೊಯ ಇರುವ ಚಿಕ್ಕ ಮಕ್ಕಳಲ್ಲಿ ನಾಳ ತೀರಾ ಸಣ್ಣ ಇರುತ್ತದೆ ಅಲ್ವಾ, ಅವರಿಗೆ ಎಷ್ಟೋ ಸಲ ಹೊಲಿಯುವುದೇ ಇಲ್ಲ. ಕಿವಿ ಮುಂದಿನ ನಾಳವನ್ನು ಅಥವಾ ಅಲ್ಲಿನ ಸ್ನಾಯುವನ್ನು ಮೆದುಳಿನ ಮೇಲೆ ಹಾಸಿ ಬರುತ್ತೇವೆ, ಹಸಿದ ಮೆದುಳು ಅದರಿಂದ ತಾನೇ ಹೊಸ ನಾಳಗಳನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರ ಸಂಸ್ಥೆಯಂಥ ಕಡೆಗಳಲ್ಲಿ ಮಕ್ಕಳ ಮೊಯಮೊಯಕ್ಕೆ ಚಿಕಿತ್ಸೆ ಇದೆ.

"ಪ್ಲಾಸ್ಟಿಕ್ ಪೈಪ್ ಹಾಕಬಹುದಲ್ವಾ, ಕೈ ಯಾಕೆ ಕುಯ್ಯಬೇಕು?" ಅಂತ ಕೇಳುತ್ತಾರೆ. ಹೊಟ್ಟೆಯ, ತೊಡೆಯ ದಪ್ಪ ನಾಳಕ್ಕೆ ಕೃತಕ ಕೊಳವೆ ಹಾಕುವುದುಂಟು. ಐದಾರು ಮಿಲಿಮೀಟರಿಗಿಂತ ಸಣ್ಣದಾದರೆ ಅವು ಬೇಗ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ಸದ್ಯಕ್ಕೆ ನಮ್ಮ ದೇಹದ್ದೇ ಗತಿ.

ಆರಿಸುವ ದಿನ ಏನೇನು ತರಬೇಕು, ಏನು ಕೇಳಬೇಕು

ಹಳೆಯ ಆಪರೇಷನ್ನುಗಳ ಡಿಸ್ಚಾರ್ಜ್ ಕಾಗದ ಎಲ್ಲ ತನ್ನಿ, ಹೃದಯದ್ದು, ಕಾಲಿನದ್ದು, ತಲೆಯದ್ದು. ರೋಗಿ ಯಾವ ಕೈಯಲ್ಲಿ ಕೆಲಸ ಮಾಡುತ್ತಾರೆ, ಏನು ಕೆಲಸ ಅಂತ ಹೇಳಿ. ವೀಣೆ ನುಡಿಸುವವರ, ಹೊಲಿಗೆಯವರ, ಬಡಗಿಗಳ ಕೈ ತಗೊಳ್ಳುವಾಗ ನಾವು ಎರಡು ಸಲ ಯೋಚಿಸುತ್ತೇವೆ, ಏಕೆಂದರೆ ಹೆಬ್ಬೆರಳ ಬುಡದಲ್ಲಿ ಸ್ವಲ್ಪ ಜೋಮು ಉಳಿಯಬಹುದು. ಕೇಳಬೇಕಾದ ಪ್ರಶ್ನೆಗಳು ಇವು. ಎಷ್ಟು ರಕ್ತ ಬೇಕು ಅಂತ ಹೇಗೆ ಲೆಕ್ಕ ಹಾಕಿದಿರಿ? ಮೊದಲ ಆಯ್ಕೆ ಯಾವುದು? ಅದು ಒಳಗೆ ಹೋದ ಮೇಲೆ ಸರಿ ಬರದಿದ್ದರೆ ಎರಡನೆಯದು ಯಾವುದು? ಈ ಕೊನೆಯ ಪ್ರಶ್ನೆಗೆ ತಕ್ಷಣ ಉತ್ತರ ಬರಬೇಕು. ಕೈ ಜೊತೆಗೆ ಕಾಲನ್ನೂ ತೊಳೆದು, ಬಟ್ಟೆ ಹೊದಿಸಿ ಸಿದ್ಧ ಇಟ್ಟುಕೊಂಡೇ ನಾವು ಶುರು ಮಾಡುವುದು. ತಿಂಗಳಿಗೆ ಎಷ್ಟು ಬೈಪಾಸ್ ಮಾಡುತ್ತೀರಿ ಅಂತಲೂ ಕೇಳಿ. ಇದು ಅಪರೂಪದ ಆಪರೇಷನ್, ಕೈ ಅಭ್ಯಾಸದಲ್ಲಿ ಇರುವ ತಂಡ ಬೇಕು.

ಹೊಸ ಡಾಕ್ಟರುಗಳೇ, ನಿಮಗೊಂದು. ಹೊಲಿಗೆ ಮುಗಿದ ಮೇಲೆ ನಾಳ ಮಿಡಿಯುತ್ತಿದೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ, ಮುಚ್ಚಿದ ನಾಳವೂ ಬುಡದಲ್ಲಿ ಮಿಡಿಯುತ್ತದೆ. ಹಸಿರು ಬಣ್ಣದ ಔಷಧಿ ಕೊಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ, ಹರಿವು ಅಳೆಯುವ ಪ್ರೋಬ್ ಇಡಿ. ಕಿವಿ ಮುಂದಿನ ನಾಳ ಆದರೆ ಹೊಲಿಯುವ ಮುಂಚೆ ತುದಿ ತೆರೆದು ಬಿಟ್ಟು ನಿಮಿಷಕ್ಕೆ ಎಷ್ಟು ಸುರಿಯುತ್ತದೆ ಅಳೆದಿಟ್ಟುಕೊಳ್ಳಿ. ಹೊಲಿದ ಮೇಲೆ ಅದರ ಅರ್ಧಕ್ಕಿಂತ ಜಾಸ್ತಿ ಹರಿಯುತ್ತಿದ್ದರೆ ಒಳ್ಳೆಯದು. ಕಡಿಮೆ ಇದ್ದರೆ ಹೊಲಿಗೆಯನ್ನೋ, ಮೆದುಳಿಗೆ ನಿಜಕ್ಕೂ ಬೇಕಿತ್ತಾ ಅನ್ನುವುದನ್ನೋ ಮತ್ತೆ ನೋಡಬೇಕು.

ಮನೆಗೆ ಹೋದ ಮೇಲೆ

ಕುತ್ತಿಗೆಯಿಂದ ಬರುವ ಗ್ರಾಫ್ಟ್ ಕಿವಿಯ ಮುಂದೆಯೋ ಹಿಂದೆಯೋ ಚರ್ಮದ ಕೆಳಗೆ ಹಾದು ಹೋಗುತ್ತದೆ. ಅಲ್ಲಿ ಮೂಳೆಯ ರಕ್ಷಣೆ ಇಲ್ಲ. ಮೊದಲ ತಿಂಗಳುಗಳಲ್ಲಿ ಆ ಕಡೆ ಮಗ್ಗುಲಾಗಿ ಮಲಗಬೇಡಿ, ಬಿಗಿ ಪಟ್ಟಿ, ಬಿಗಿ ಟೋಪಿ, ಮಾಸ್ಕಿನ ಎಲಾಸ್ಟಿಕ್ ಬೇಡ. ಹೆಲ್ಮೆಟ್ ಯಾವಾಗ ಹಾಕಬಹುದು ಅಂತ ಸರ್ಜನ್ನರನ್ನು ಕೇಳಿಯೇ ಗಾಡಿ ಹತ್ತಿ. ಕನ್ನಡಕ ಹಾಕುವವರು ಅಂಗಡಿಗೆ ಹೋಗಿ ಆ ಕಡೆಯ ಕಡ್ಡಿಯನ್ನು ಸ್ವಲ್ಪ ಸಡಿಲ ಮಾಡಿಸಿಕೊಳ್ಳಿ. ಆಸ್ಪಿರಿನ್ ಮಾತ್ರೆಯನ್ನು ಹಲ್ಲು ಕೀಳಿಸಲು ಹೋದಾಗಲೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ನಮಗೆ ಫೋನ್ ಮಾಡಿ. ಬೀಡಿ, ಸಿಗರೇಟು ಪೂರ್ತಿ ಬಿಡಬೇಕು, ಕಡಿಮೆ ಮಾಡುವುದಲ್ಲ. ಮೊಯಮೊಯ ಇರುವವರು ಏಕಾದಶಿ, ಶಿವರಾತ್ರಿ ಅಂತ ನೀರು ಬಿಟ್ಟು ಉಪವಾಸ ಮಾಡಬಾರದು, ವಾಂತಿ ಭೇದಿ ಆದರೆ ಅವತ್ತೇ ಆಸ್ಪತ್ರೆಗೆ ಬರಬೇಕು, ರಕ್ತ ಗಟ್ಟಿಯಾದರೆ ಮೆದುಳಿಗೆ ಹೋಗುವುದು ಕಡಿಮೆಯಾಗುತ್ತದೆ. ಆ ಮಕ್ಕಳು ಬಿಕ್ಕಿ ಬಿಕ್ಕಿ ಅಳುವುದು, ಬಲೂನ್ ಊದುವುದು ಕೂಡ ಒಳ್ಳೆಯದಲ್ಲ, ಉಸಿರು ಜೋರಾಗಿ ಬಿಟ್ಟಾಗ ಮೆದುಳಿನ ನಾಳಗಳು ಕಿರಿದಾಗುತ್ತವೆ.

ದಿನಕ್ಕೊಮ್ಮೆ ಗ್ರಾಫ್ಟಿನ ಮೇಲೆ ಬೆರಳು ತಾಗಿಸಿ ಮಿಡಿತ ನೋಡಿಕೊಳ್ಳುವುದನ್ನು ಮನೆಯಲ್ಲಿ ಒಬ್ಬರು ರೂಢಿ ಮಾಡಿಕೊಳ್ಳಿ, ಒತ್ತದೇ. ನಿನ್ನೆ ಇದ್ದದ್ದು ಇವತ್ತು ಸಿಗದಿದ್ದರೆ, ಅಥವಾ ಮುಖ ವಾರೆಯಾದರೆ, ಕೈ ಜೋಲು ಬಿದ್ದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಬೆಳಗಾಗಲಿ ಅಂತ ಕಾಯದೇ ಆ ಕ್ಷಣವೇ ಹೊರಡಿ, ಡಿಸ್ಚಾರ್ಜ್ ಕಾಗದ ಕೈಯಲ್ಲಿರಲಿ. ಅಲ್ಲಿ ಡ್ರಿಪ್ ಹಾಕಲು ಬಂದವರಿಗೆ ಯಾವ ಕೈಯ ನಾಳ ತೆಗೆದಿದ್ದಾರೆ ಅಂತ ಮೊದಲೇ ಹೇಳಿ. ಆ ಕೈಯಲ್ಲಿ ಈಗ ಉಳಿದಿರುವುದು ಕಿರುಬೆರಳ ಕಡೆಯ ನಾಳ ಒಂದೇ, ಅದಕ್ಕೆ ಯಾರೂ ಸೂಜಿ ಹಾಕಬಾರದು.